ಬೇಲ್ ಸಿಕ್ಕಿದೆ, ಬಿಡುಗಡೆ ಆಗಿಲ್ಲ

ನಾನು ಕಾನೂನು ನೆರವಿನ ಪ್ಯಾನೆಲ್ ವಕೀಲೆ. ವಾರಕ್ಕೊಮ್ಮೆ ಜೈಲಿಗೆ ಹೋಗಿ, ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದವರ ಜೊತೆ ಕೂತು ಮಾತಾಡುತ್ತೇನೆ. ಹೊಸದಾಗಿ ಪ್ಯಾನೆಲ್‌ಗೆ ಬಂದ ಕಿರಿಯರು ನನ್ನ ಹತ್ತಿರ ಕೇಳೋದು ಹೆಚ್ಚಾಗಿ ಒಂದೇ: ಬೇಲ್ ಅರ್ಜಿಯನ್ನು ಹೇಗೆ ವಾದ ಮಾಡಬೇಕು? ಅದನ್ನು ಕಲಿಯಲೇಬೇಕು. ಆದರೆ ಈ ಕೆಲಸದಲ್ಲಿ ನನಗೆ ಮನವರಿಕೆ ಆದದ್ದು ಬೇರೆ. ಬಡವನ ವಿಷಯದಲ್ಲಿ ನಿಜವಾದ ಕೆಲಸ ಶುರುವಾಗೋದೇ ಬೇಲ್ ಆದೇಶ ಕೈಗೆ ಬಂದ ಮೇಲೆ.

2022ರ ಕೊನೆಯ ಸರ್ಕಾರಿ ಲೆಕ್ಕದಂತೆ ನಮ್ಮ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ಇವರು ತಪ್ಪು ಮಾಡಿದ್ದಾರೆ ಅಂತ ಯಾವ ನ್ಯಾಯಾಧೀಶರೂ ಇನ್ನೂ ಹೇಳಿಲ್ಲ. ಇವರಲ್ಲಿ ಬೇಲ್ ಸಿಕ್ಕಿಯೂ ಒಳಗೇ ಉಳಿದವರು ಇದ್ದಾರೆ. ಕಾರಣ ಶೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಅಂತ ಹೊಣೆ ಹೊರುವ ಜಾಮೀನುದಾರ.

ಒಬ್ಬ ಹುಡುಗನ ಕೇಸು ಹೇಳುತ್ತೇನೆ. ರಾಯಚೂರು ಕಡೆಯವನು, ಸೆಂಟ್ರಿಂಗ್ ಕೆಲಸಕ್ಕೆ ಅಂತ ಈ ಕಡೆ ಬಂದಿದ್ದ. ಕಟ್ಟಡದ ಕಬ್ಬಿಣ ಕದ್ದ ಅಂತ ಆರೋಪ. ಐವತ್ತು ಸಾವಿರದ ಬಾಂಡು, ಒಬ್ಬ ಸ್ಥಳೀಯ ಜಾಮೀನುದಾರ ಅನ್ನೋ ಷರತ್ತಿನ ಮೇಲೆ ಬೇಲ್ ಆಗಿತ್ತು. ನಾನು ಅವನನ್ನು ನೋಡುವಾಗ ಆ ಆದೇಶ ಆಗಿ ತಿಂಗಳುಗಳೇ ಕಳೆದಿದ್ದವು. ಈ ಊರಲ್ಲಿ ಅವನಿಗೆ ಗೊತ್ತಿದ್ದವರು ಅಂದರೆ ಮೇಸ್ತ್ರಿ ಒಬ್ಬನೇ. ಆ ಮೇಸ್ತ್ರಿ ಫೋನ್ ಎತ್ತುತ್ತಿರಲಿಲ್ಲ. ಊರಿಂದ ಅವನ ಅಮ್ಮ ಪಹಣಿ ಕಳಿಸಿದ್ದರು. ಎರಡು ಎಕರೆ ಮಳೆ ಆಧಾರಿತ ಹೊಲ. ಪಹಣಿಯಲ್ಲಿ ಇದ್ದದ್ದು ತೀರಿಹೋದ ಅಜ್ಜನ ಹೆಸರು. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿಯೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಹೊಲಗಳು ಎಷ್ಟಿಲ್ಲ ಹೇಳಿ! ಹೊಲ ಇದೆ, ಉಳುತ್ತಾರೆ, ಆದರೆ ಕೋರ್ಟಿಗೆ ತೋರಿಸಲು ಏನೂ ಇಲ್ಲ.

ಅವನು ನನ್ನ ಹತ್ತಿರ ಕೇಳಿದ್ದು ಬೇಲ್ ವಿಷಯವನ್ನೇ ಅಲ್ಲ. "ಮೇಡಂರಿ, ತಪ್ಪು ಒಪ್ಕೊಂಡ್ರ ಲಗೂನ ಬಿಡ್ತಾರಂತಲ್ರಿ, ಖರೇ ಏನ್ರಿ?" ಅಂದ. ನೀನು ಕದ್ದಿದ್ದೀಯಾ ಅಂತ ಕೇಳಿದೆ. "ಇಲ್ರಿ. ಆದ್ರ ಊರಿಗಿ ಹೋಗ್ಬೇಕ್ರಿ" ಅಂದ.

ಅವನು ಹಾಕಿದ ಲೆಕ್ಕ ತಪ್ಪೇನಲ್ಲ. ವಿಚಾರಣೆ ಕಾಲದಲ್ಲಿ ಒಳಗೆ ಕಳೆದ ದಿನಗಳನ್ನು ಕೊಟ್ಟ ಶಿಕ್ಷೆಯಲ್ಲಿ ಕಳೆಯಬೇಕು ಅಂತ ಕಾನೂನೇ ಹೇಳುತ್ತದೆ. ಸಣ್ಣ ಕಳ್ಳತನಕ್ಕೆ ಕೆಲವು ತಿಂಗಳ ಶಿಕ್ಷೆ ಆದರೆ, ಆಗಲೇ ಅಷ್ಟು ದಿನ ಆಗಿಹೋಗಿರುತ್ತದೆ. ತಪ್ಪು ಒಪ್ಪಿಕೊಂಡವನು ಮನೆಗೆ ಹೋಗುತ್ತಾನೆ. ನಾನು ನಿರಪರಾಧಿ ಅಂದವನು ಮುಂದಿನ ವಾಯಿದೆಗೆ ಕಾಯುತ್ತಾ ಒಳಗೆ ಕೂತಿರುತ್ತಾನೆ. ಶಿಕ್ಷೆ ಅನ್ನೋದು ಯಾಕಿದೆ ಅಂತ ಯಾರು ಏನೇ ಕಾರಣ ಕೊಡಲಿ, ತಿದ್ದಲಿಕ್ಕೆ ಅನ್ನಲಿ, ಹೆದರಿಸಲಿಕ್ಕೆ ಅನ್ನಲಿ, ಮಾಡಿದ್ದಕ್ಕೆ ಅನುಭವಿಸಲಿ ಅನ್ನಲಿ, ಇದು ಆ ಯಾವುದರಲ್ಲೂ ಬರೋದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬರಲೇಬೇಕು ಅಂದುಕೊಂಡಿದ್ದೇನೆ.

ತಪ್ಪು ಒಪ್ಪಿಕೊಂಡರೆ ಆಗೋ ನಷ್ಟ ಆಮೇಲೆ ಗೊತ್ತಾಗುತ್ತದೆ. ಅವನ ಹೆಸರಿನ ಮುಂದೆ ಶಿಕ್ಷೆ ಆದವನು ಅಂತ ಬಿತ್ತು. ಮುಂದೆ ಅಕ್ಕಪಕ್ಕದಲ್ಲಿ ಏನು ಕಳುವಾದರೂ ಪೊಲೀಸರು ಮೊದಲು ನೆನಪಿಸಿಕೊಳ್ಳೋದು ಇವನನ್ನೇ. ಇನ್ನೊಂದು ಜಾಸ್ತಿ ಜನರಿಗೆ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ, ಬಂಧನ, ಬೇಲ್, ವಿಚಾರಣೆ ಹೇಗೆ ನಡೀಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಎಂದೂ ಶಿಕ್ಷೆ ಆಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಶಿಕ್ಷೆ ವಿಧಿಸಬಹುದಾದ ಕೇಸುಗಳಿಗೆ ಇದು ಅನ್ವಯಿಸೋದಿಲ್ಲ. ಈಗ ಊರಿಗೆ ಹೋಗುವ ಆಸೆಗೆ ತಪ್ಪು ಒಪ್ಪಿಕೊಂಡವನು ಆ ಮೂರನೇ ಒಂದು ಭಾಗದ ಅನುಕೂಲವನ್ನು ಜೀವನಪೂರ್ತಿ ಕಳೆದುಕೊಳ್ಳುತ್ತಾನೆ.

ಇದನ್ನೆಲ್ಲ ಅವನಿಗೆ ಅವನ ಮಾತಲ್ಲೇ ಹೇಳಿ, ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಿದೆ. ಆಧಾರಕ್ಕೆ 1978ರ ಮೋತಿ ರಾಮ್ ಕೇಸು ಸಾಕಾಗಿತ್ತು. ಮೋತಿ ರಾಮನೂ ಕಟ್ಟಡದ ಕೆಲಸದವನೇ, ಮಧ್ಯಪ್ರದೇಶದ ಗಾರೆಯವನು. ಹತ್ತು ಸಾವಿರದ ಶೂರಿಟಿ ಕೇಳಿದ್ದರು. ಅವನ ಅಣ್ಣತಮ್ಮನೊಬ್ಬ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ, ಅಂದರೆ ಜಾಮೀನುದಾರ ಇಲ್ಲದೆ ಅವನೇ ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ, ಬಿಡಲು ಹೇಳಿತು. ಒಬ್ಬ ಕನ್ನಡಿಗನೋ ಮಲಯಾಳಿಯೋ ದೂರದ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದ್ದಾರೆ. ರಾಯಚೂರಿನ ಹುಡುಗನಿಗೆ ಕರ್ನಾಟಕದೊಳಗೇ ಅದೇ ಗತಿ ಬಂದಿತ್ತು. ನಮ್ಮ ಅರ್ಜಿ ಮಂಜೂರಾಯಿತು. ಅವನು ಸ್ವಂತ ಬಾಂಡಿನ ಮೇಲೆ ಹೊರಬಂದ. ವಿಚಾರಣೆಗೆ ತಪ್ಪದೆ ಬರುತ್ತಿದ್ದಾನೆ, ರಾತ್ರಿ ಬಸ್ಸು ಹತ್ತಿ.

ಕಳ್ಳರ ಪರ ಯಾಕಿಷ್ಟು ಕಾಳಜಿ ಅಂತ ಮನೆಯವರೂ ಕೇಳುತ್ತಾರೆ. ಕಬ್ಬಿಣ ಕಳೆದುಕೊಂಡವರ ನಷ್ಟ ಸುಳ್ಳಲ್ಲ, ಅವರಿಗೂ ನ್ಯಾಯ ಸಿಗಬೇಕು. ಆದರೆ ಕದಿಯದವನು ಬೇಸತ್ತು ಒಪ್ಪಿಕೊಂಡರೆ ಕದ್ದವನನ್ನು ಆಮೇಲೆ ಯಾರು ಹುಡುಕುತ್ತಾರೆ? ಫೈಲ್ ಮುಚ್ಚಿಹೋಗುತ್ತದೆ. ಇನ್ನು ಶೂರಿಟಿ ಇರೋದು ಆರೋಪಿ ಓಡಿಹೋಗದಿರಲಿ ಅಂತ. ದುಡ್ಡಿಗೆ ಶೂರಿಟಿ ಕೊಡುವವರು ಇದ್ದಾರೆ ಅನ್ನೋದು ಗುಟ್ಟೇನಲ್ಲ. ಆರೋಪಿಯ ಮುಖವನ್ನೇ ನೋಡಿರದ ಅಂಥವರು ಅವನನ್ನು ವಾಪಸ್ ಕರೆತರುತ್ತಾರಾ? ಅವನ ಅಮ್ಮನ ಮಾತಿಗೆ ಅದಕ್ಕಿಂತ ತೂಕ ಜಾಸ್ತಿ ಅಲ್ವಾ?

479ರಲ್ಲೂ ನನಗೆ ಒಪ್ಪಿಗೆಯಾಗದ ಮಾತೊಂದಿದೆ. ಒಬ್ಬನ ಮೇಲೆ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಕಲಂ ಅಡಿ ಬಿಡುಗಡೆ ಇಲ್ಲ. ಸಾಬೀತಾಗದ ಎರಡು ಆರೋಪ ಸೇರಿದರೆ ಒಂದು ಅಪರಾಧ ಆಗೋದಿಲ್ಲವಲ್ಲ. ಒಬ್ಬನನ್ನೇ ಮೂರು ಕಳ್ಳತನಗಳಲ್ಲಿ ತೋರಿಸಿದರೆ ಸಾಕು, ಅವನಿಗೆ ಬಾಗಿಲು ಮುಚ್ಚಿತು.

ಹಾಗಾಗಿ ಕಿರಿಯರಿಗೆ ನಾನು ಹೇಳೋದು: ಮೊದಲ ಭೇಟಿಯಲ್ಲೇ ಕೇಸಿನ ವಿವರದ ಜೊತೆ ಮನೆಯ ವಿವರವನ್ನೂ ಬರೆದುಕೊಳ್ಳಿ. ಪಹಣಿ ಯಾರ ಹೆಸರಲ್ಲಿದೆ, ಕೂಲಿ ಎಷ್ಟು, ಈ ಊರಲ್ಲಿ ಯಾರಿದ್ದಾರೆ, ಫೋನ್ ಎತ್ತುವವರು ಯಾರು. ಬೇಲ್ ಕೇಳುವ ದಿನವೇ ಅದನ್ನು ನ್ಯಾಯಾಧೀಶರ ಮುಂದಿಡಿ. ಬಾಂಡಿನ ಮೊತ್ತ ವಿಪರೀತ ಆಗಬಾರದು ಅಂತ ಅದೇ ಸಂಹಿತೆಯ 484ನೇ ಕಲಂನಲ್ಲೇ ಇದೆ, ಅದನ್ನು ಓದಿ ಹೇಳಿ. ಆದೇಶ ಆಗಿ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಆದೇಶಿಸಿದೆ. ಎಂಟನೇ ದಿನ ಸುಮ್ನೆ ಕೂರಬೇಡಿ, ಜೈಲಿಗೆ ಹೋಗಿ ಬೇಲ್ ಸಿಕ್ಕಿಯೂ ಹೊರಬರದವರ ಪಟ್ಟಿ ನೋಡಿ.

ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಬಡ ಕೈದಿಗಳ ನೆರವಿಗೆ ಒಂದು ಯೋಜನೆ ತಂದಿತು. 2023ರಲ್ಲಿ ಶುರುವಾದಾಗ ಅದರಲ್ಲಿ ಬೇಲ್ ಷರತ್ತಿನ ದುಡ್ಡು ಕಟ್ಟಲಾಗದ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಶಿಕ್ಷೆಯಾದ ಕೈದಿಗಳಿಗೆ 25,000ದವರೆಗೆ ಅಂತ ಇತ್ತು. ತೀರ್ಮಾನ ಮಾಡುವ ಜಿಲ್ಲಾ ಸಮಿತಿಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯೂ ಇರುತ್ತಾರೆ. ಒಳಗಿರುವವನಿಗೆ ಈ ಯೋಜನೆಯ ಸುದ್ದಿಯೇ ಮುಟ್ಟಿರೋದಿಲ್ಲ. ಹೆಸರು, ಬಂಧನದ ದಿನಾಂಕ, ಬೇಲ್ ಆದೇಶದ ಪ್ರತಿ ಇಟ್ಟುಕೊಂಡು ಕಾರ್ಯದರ್ಶಿಯವರ ಹತ್ತಿರ ನೀವೇ ಹೋಗಿ ಕೇಳಿ.