ಟಿಕೆಟ್ ತಗೊಂಡು ಹೋದ ಸೌಂಡಿನವನು

ನಾನು ಹದಿನಾಲ್ಕು ವರ್ಷದಿಂದ ಸೌಂಡ್ ಕೆಲಸದಲ್ಲಿದ್ದೇನೆ. ಅದಕ್ಕೂ ಮೊದಲು ತುಮಕೂರಿನ ಹತ್ತಿರ ನಮ್ಮ ಸೋದರಮಾವನ ಮೈಕ್ ಸೆಟ್ ಜೊತೆ ಓಡಾಡುತ್ತಿದ್ದೆ. ಜಾತ್ರೆ, ನಾಟಕ, ಗಣೇಶನ ಹಬ್ಬದ ಆರ್ಕೆಸ್ಟ್ರಾ. ಹಾರ್ನ್ ಕಟ್ಟಲು ಮರ ಹತ್ತುವವನು ನಾನೇ. ಆಮೇಲೆ ಬೆಂಗಳೂರಿಗೆ ಬಂದು, ದೊಡ್ಡ ಶೋಗಳಿಗೆ ಸೌಂಡ್ ಬಾಡಿಗೆಗೆ ಕೊಡುವ ಒಂದು ಕಂಪನಿಗೆ ಸೇರಿ, ಕೇಬಲ್ ಸುತ್ತುವುದರಿಂದ ಶುರು ಮಾಡಿ, ಈಗ ಎಲ್ಲ ಮೈಕುಗಳ ಶಬ್ದವನ್ನು ಹದ ಮಾಡುವ ಮಿಕ್ಸರ್ ಮುಂದೆ ನಿಲ್ಲುವ ತನಕ ಬಂದಿದ್ದೇನೆ. ಎಷ್ಟು ಶೋ ನೋಡಿದ್ದೀಯ ಅಂತ ಯಾರಾದರೂ ಕೇಳಿದರೆ ಲೆಕ್ಕ ಸಿಗುವುದಿಲ್ಲ. ಟಿಕೆಟ್ ತಗೊಂಡು ಎಷ್ಟು ನೋಡಿದ್ದೀಯ ಅಂದರೆ ಸಿಗುತ್ತದೆ. ಎರಡೇ ಎರಡು.

ಮೊದಲನೆಯದು ಐರನ್ ಮೇಡನ್, ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್. 2007ರ ಮಾರ್ಚ್ 17, ಅರಮನೆ ಮೈದಾನ. ಅವರು ಇಂಡಿಯಾಕ್ಕೆ ಬಂದು ಹಾಡಿದ್ದು ಅದೇ ಮೊದಲು. ಊರಿಂದ ಬಸ್ಸಿನಲ್ಲಿ ಬಂದು, ಮಧ್ಯಾಹ್ನದಿಂದ ಬಿಸಿಲಲ್ಲಿ ಒಣಗಿ, ಕೊನೆಗೆ ಬಾಸ್ ಹೊಡೆಯುವ ಸಬ್ ಸ್ಪೀಕರಿನ ಎದುರಿಗೇ ಹೋಗಿ ನಿಂತಿದ್ದೆ. ಎರಡು ದಿನ ಕಿವಿಯಲ್ಲಿ ಕುಂಯ್ ಅನ್ನುತ್ತಿತ್ತು. ಸೌಂಡ್ ಹೇಗಿತ್ತು ಅಂತ ಈಗ ಕೇಳಿದರೆ, ಜೋರಾಗಿತ್ತು ಅಂತ ಬಿಟ್ಟರೆ ಬೇರೇನೂ ಹೇಳಲಾರೆ. ಅದೇ ಮೈದಾನದಲ್ಲಿ 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ್ದರು, ಆಗ ನಾನಿನ್ನೂ ಹೈಸ್ಕೂಲು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಾಗ ಆಗಲೇ ಕೆಲಸಕ್ಕೆ ಸೇರಿದ್ದೆ, ಬೇರೆ ಊರಲ್ಲಿ ಒಂದು ರಿಸೆಪ್ಷನ್ನಿಗೆ ಸ್ಪೀಕರ್ ಇಳಿಸುತ್ತಿದ್ದೆ. ಆ ಹೊಟ್ಟೆಯುರಿ ಇನ್ನೂ ತಣಿದಿಲ್ಲ.

ಎರಡನೆಯದು ಹೋದ ಏಪ್ರಿಲ್‌ನದು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಅಕ್ಕನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. "ಮಾಮ, ನಿನ್ನ ಕೆಲಸ ಅಂತ ಅಲ್ಲ, ಸುಮ್ನೆ ನನ್ ಜೊತೆ ಬಾ" ಅಂತ ಎರಡು ಟಿಕೆಟ್ ಬುಕ್ ಮಾಡಿಬಿಟ್ಟಿದ್ದಳು. ಊರ ಹೊರಗಿನ ಒಂದು ಬಯಲು. ಸೌಂಡ್ ನಮ್ಮ ಕಂಪನಿಯದಲ್ಲ. ಯಾರದ್ದು ಅಂತ ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಾಲ್ಕು ಗಂಟೆಗೆ ಗೇಟಿನ ಮುಂದೆ ಸಾಲಿನಲ್ಲಿ ನಿಂತಾಗಲೇ ಪಾಠ ಶುರುವಾಯಿತು. ನಾವು ಕೆಲಸದವರು ಬೆಳಗ್ಗೆಯೇ ಹಿಂದಿನ ಗೇಟಿನಿಂದ ಲಾರಿ ಜೊತೆ ಒಳಗೆ ಹೋಗಿರುತ್ತೇವೆ. ನಮಗೆ ಕ್ರೂ ಊಟ ಇರುತ್ತದೆ, ಐಸ್ ಪೆಟ್ಟಿಗೆಯಲ್ಲಿ ನೀರು ಇರುತ್ತದೆ, ಮಿಕ್ಸರ್ ಮೇಲೆ ಶಾಮಿಯಾನ ಇರುತ್ತದೆ. ಆ ನೆರಳು ನಮಗಾಗಿ ಅಲ್ಲ, ಮಿಕ್ಸರ್ ಕಾದು ಕೈಕೊಡದಿರಲಿ, ಸ್ಕ್ರೀನ್ ಕಾಣಲಿ ಅಂತ. ಆದರೂ ಅದರಡಿ ನಾವೂ ತಣ್ಣಗಿರುತ್ತೇವೆ. ಟಿಕೆಟ್ ತಗೊಂಡವರಿಗೆ ಮಾತ್ರ ಒಂದೂವರೆ ಗಂಟೆ ಬಿಸಿಲು. ಕೈಲಿದ್ದ ನೀರಿನ ಬಾಟಲಿ ಗೇಟಿನಲ್ಲೇ ಕಸದ ಡಬ್ಬಿಗೆ. ಒಳಗೆ ಅದೇ ನೀರಿಗೆ ಮೂರು ಪಟ್ಟು ದುಡ್ಡು, ಅದಕ್ಕೂ ಸಾಲು.

ನಮ್ಮದು ಹಿಂದಿನ ಭಾಗದ ಟಿಕೆಟ್. ಸ್ಟೇಜಿನಿಂದ ಸುಮಾರು 80 ಮೀಟರ್. ನಮಗಿಂತ ಹತ್ತು ಮೀಟರ್ ಮುಂದೆ ಡಿಲೇ ಟವರ್ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ದೊಡ್ಡ ಬಯಲಿನಲ್ಲಿ ಸ್ಟೇಜಿನ ಸ್ಪೀಕರಿನ ಶಬ್ದ ಹಿಂದಿನವರಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೆ ಮಧ್ಯದಲ್ಲಿ ಇನ್ನೊಂದು ಸೆಟ್ ಸ್ಪೀಕರನ್ನು ಎತ್ತರಕ್ಕೆ ನಿಲ್ಲಿಸುತ್ತೇವೆ. ಆದರೆ ಶಬ್ದಕ್ಕೆ ಅವಸರ ಇಲ್ಲ. ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 345 ಮೀಟರ್ ಹೋಗುತ್ತದೆ, ಅಂದರೆ ಸ್ಟೇಜಿನಿಂದ 70 ಮೀಟರ್ ದೂರದ ಟವರ್ ತಲುಪಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಕೇಬಲ್ಲಿನಲ್ಲಿ ಹೋಗುವ ಸಿಗ್ನಲ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿರುತ್ತದೆ. ಹಾಗಾಗಿ ಟವರಿನ ಸ್ಪೀಕರನ್ನು 203 ಮಿಲಿಸೆಕೆಂಡ್ ತಡ ಮಾಡಿಸಬೇಕು, ಅದರ ಮೇಲೆ ಹತ್ತು ಹದಿನೈದು ಸೇರಿಸಬೇಕು. ಆ ಹತ್ತು ಹದಿನೈದು ಯಾಕೆ ಅಂದರೆ, ಮೊದಲು ಬಂದ ಶಬ್ದ ಯಾವ ಕಡೆಯದೋ ಹಾಡೂ ಆ ಕಡೆಯಿಂದಲೇ ಬರುತ್ತಿದೆ ಅಂತ ಕಿವಿ ನಂಬುತ್ತದೆ. ಸ್ಟೇಜಿನದು ಮೊದಲು ಬರಲಿ, ಟವರಿನದು ಅದರ ಬೆನ್ನಿಗೆ ಬರಲಿ. ಸರಿಯಾಗಿ ಹಾಕಿದರೆ ಟವರ್ ಇದೆ ಅಂತಲೇ ಗೊತ್ತಾಗುವುದಿಲ್ಲ.

ಮೊದಲ ಒಂದು ಗಂಟೆ ಗೊತ್ತಾಗಲಿಲ್ಲ. ಚೆನ್ನಾಗಿ ಹಾಕಿದ್ದಾರೆ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಏಳೂವರೆ ಹೊತ್ತಿಗೆ ಮಳೆ ಬಂತು. ಏಪ್ರಿಲ್ ಅಲ್ವಾ, ಸಂಜೆ ಗುಡುಗಿ ಒಂದು ಮಾವಿನ ಮಳೆ ಸುರಿಯುವುದು ನಮ್ಮ ಕಡೆ ಹೊಸದಲ್ಲ. ಬ್ಯಾಂಡಿನವರು ಹಾಡು ಅರ್ಧಕ್ಕೆ ಬಿಟ್ಟು ಒಳಗೆ ಓಡಿದರು. ಹುಡುಗರು ಬಂದು ಮಾನಿಟರ್ ಸ್ಪೀಕರಿಗೆಲ್ಲ ಪ್ಲಾಸ್ಟಿಕ್ ಮುಚ್ಚಿದರು. ಅವರು ಮಾಡಿದ್ದೆಲ್ಲ ಸರಿ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮಳೆ ನಿಂತಿದ್ದು ಇಪ್ಪತ್ತು ನಿಮಿಷಕ್ಕೆ. ಶೋ ಶುರುವಾಗಲಿಲ್ಲ. ದೀಪ ಆರಿಸಿದ ಸ್ಟೇಜು, ಅದರ ಮೇಲೆ ಟಾರ್ಚ್ ಹಿಡಿದು ಓಡಾಡುವ ನಾಲ್ಕು ಜನ, ಅಷ್ಟೆ.

"ಮಳೆ ನಿಂತಿದೆಯಲ್ಲ ಮಾಮ, ಮತ್ಯಾಕೆ?" ಅಂದಳು ನಮ್ಮ ಹುಡುಗಿ.

ಅವಳಿಗೆ ವಿವರಿಸಿದೆ. ಸ್ಟೇಜ್ ಒದ್ದೆಯಾಗಿದೆ. ಗಿಟಾರ್ ಹಿಡಿದವನ ಕೈ ಗಿಟಾರಿನ ತಂತಿ ಮೇಲೆ, ತುಟಿ ಮೈಕಿನ ಮೇಲೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟು ಅವನ ಮೈಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೇ ಒಂದೊಂದು ಲೈನನ್ನೂ ಒರೆಸಿ, ಟೆಸ್ಟ್ ಮಾಡಿ, ಆಮೇಲೆ ಪವರ್ ಕೊಡುತ್ತಾರೆ. ಒಮ್ಮೆ ಒಂದು ಕಾಲೇಜು ಫೆಸ್ಟಿನಲ್ಲಿ ನನ್ನ ಕಣ್ಣೆದುರೇ ಹಾಡುವವನೊಬ್ಬ ಮೈಕಿಗೆ ತುಟಿ ತಾಗಿಸಿ ಮಾರುದ್ದ ಹಿಂದೆ ಹಾರಿದ್ದ. ಬೇಸಿಗೆಯಲ್ಲಿ ನೆಲ ಒಣಗಿ ಜನರೇಟರಿನ ಅರ್ಥಿಂಗ್ ಕೆಲಸವನ್ನೇ ಮಾಡುತ್ತಿರಲಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಬಂದು, ರಾಡ್ ನೆಟ್ಟ ಜಾಗಕ್ಕೆ ಉಪ್ಪು ಕಲಸಿದ ನೀರನ್ನು ನಾಲ್ಕು ಬಕೆಟ್ ಹೊಯ್ದ ಮೇಲೆ ಸರಿಯಾಯಿತು. ಅವತ್ತಿನಿಂದ ಬೇಸಿಗೆ ಶೋ ಅಂದರೆ ಬೆಳಗ್ಗೆ ಮೊದಲು ನಾನು ನೋಡುವುದೇ ಆ ರಾಡ್.

ಇದೆಲ್ಲ ಹೇಳಿ ಮುಗಿಸಿ ತಲೆ ಎತ್ತಿದರೆ ಅಕ್ಕಪಕ್ಕದ ಹತ್ತು ಹನ್ನೆರಡು ಜನ ನಮ್ಮ ಕಡೆಗೇ ತಿರುಗಿ ನಿಂತಿದ್ದಾರೆ.

"ಅಣ್ಣಾ, ಹಂಗಾದ್ರೆ ಶುರು ಆಗತ್ತಾ?" ಅಂತ ಒಬ್ಬ ಕೇಳಿದ.

"ಆಗತ್ತೆ. ಇನ್ನೊಂದು ಹದಿನೈದು ನಿಮಿಷ."

ಅಷ್ಟಕ್ಕೇ ಅವನು ಹಿಂದೆ ತಿರುಗಿ ಇನ್ಯಾರಿಗೋ ಕೂಗಿ ಹೇಳಿದ, "ಹದಿನೈದು ನಿಮಿಷ ಅಂತೆ ಮಗಾ, ಹೋಗ್ಬೇಡ." ಗೇಟಿನ ಕಡೆ ಹೊರಟಿದ್ದ ಒಂದು ಗುಂಪು ನಿಂತಿತು. ಇನ್ನೊಬ್ಬಳು ಬಂದು ಮೆಟ್ರೋ ತಪ್ಪುವುದಿಲ್ಲ ತಾನೆ ಅಂತ ಕೇಳಿದಳು, ನಾನೇ ಶೋ ನಡೆಸುತ್ತಿದ್ದೇನೆ ಅನ್ನುವ ಹಾಗೆ. ಹತ್ತು ಗಂಟೆಗೆ ಮುಗಿಸಲೇಬೇಕು ತಂಗಿ, ಕಾನೂನು ಇದೆ ಅಂದೆ.

ನನಗೆ ನಾಚಿಕೆಯಾಗಿದ್ದು ಆಗ. ಆ ಬಯಲಿನಲ್ಲಿ ಸಾವಿರಾರು ಜನರಿಗೆ ಕೇಳಿಸುವಷ್ಟು ಸ್ಪೀಕರ್ ಇತ್ತು. ಮಿಕ್ಸರ್ ಹತ್ತಿರ ಟಾಕ್‌ಬ್ಯಾಕ್ ಮೈಕ್ ಇದ್ದೇ ಇರುತ್ತದೆ, ಸ್ಟೇಜಿನ ಹುಡುಗರ ಜೊತೆ ಮಾತಾಡಲು. ಒಂದು ಬಟನ್ ಒತ್ತಿದರೆ ಟವರಿನಲ್ಲೂ ಅದೇ ಮೈಕ್ ಬರುತ್ತದೆ. "ಸ್ಟೇಜ್ ಒಣಗಿಸ್ತಾ ಇದ್ದೀವಿ, ಹದಿನೈದು ನಿಮಿಷ ತಾಳಿ" ಅಂತ ಯಾರೂ ಹೇಳಲಿಲ್ಲ. ನಾನು ಮಾತ್ರ ಹದಿನಾಲ್ಕು ವರ್ಷದಲ್ಲಿ ಯಾವತ್ತಾದರೂ ಹೇಳಿದ್ದೇನಾ? ಮಳೆ ಬಂದಾಗ ನಮ್ಮ ತಲೆಯಲ್ಲಿ ಇರುವುದು ಮಿಕ್ಸರ್, ಆಂಪ್ (ಆಂಪ್ಲಿಫೈಯರ್), ಕೇಬಲ್. ಜನ ಅಂದರೆ ತಾವಾಗಿಯೇ ಕಾಯುವಂಥ ಒಂದು ವಸ್ತು.

ಶೋ ಮತ್ತೆ ಶುರುವಾಯಿತು. ಮೊದಲ ಡ್ರಮ್ ಏಟಿಗೇ ನನ್ನ ಮುಖ ಹುಳ್ಳಗಾಯಿತು. ಟಪ್, ಟಪ್. ಒಂದು ಏಟು ಎರಡು ಸಲ ಕೇಳಿಸುತ್ತಿದೆ. ಹಾಡುವವನ ಮಾತು ಮಾತಿಗೂ ಹಿಂದಿನಿಂದ ಅವನದೇ ದನಿ ಎಡವುತ್ತಿದೆ. ಏನಾಗಿರಬಹುದು ಅಂತ ನನಗೆ ಗೊತ್ತು: ಮಳೆಗೆ ಟವರಿನ ಆಂಪ್ ಆಫ್ ಮಾಡಿದ್ದಾರೆ, ಮತ್ತೆ ಆನ್ ಮಾಡಿದಾಗ ಡಿಲೇ ಹಾಕುವ ಪ್ರೊಸೆಸರಿನಲ್ಲಿ ಹಳೆಯ ಸೆಟ್ಟಿಂಗ್ ಬಂದು ಕೂತಿದೆ, ಡಿಲೇ ಇಲ್ಲ. ಟವರಿನ ಶಬ್ದ ಮೊದಲು ಬರುತ್ತಿದೆ, ಸ್ಟೇಜಿನದು ಅದರ ಹಿಂದೆ. ಮಿಕ್ಸರ್ ಇರುವುದು ಟವರಿಗಿಂತ ಮುಂದೆ, ಅಲ್ಲಿ ನಿಂತವನಿಗೆ ಇದು ಕೇಳಿಸುವುದೇ ಇಲ್ಲ.

ಹೇಳೋಣ ಅಂತ ಹೋದೆ. ಸೆಕ್ಯೂರಿಟಿಯವರು ಕೈಯ ಬ್ಯಾಂಡ್ ಬಣ್ಣ ನೋಡಿ ತಡೆದರು. ಅಲ್ಲಿಂದಲೇ ಬೇಲಿ ಮೇಲೆ ಬಾಗಿ, ಟವರಿನ ಕಡೆ ಕೈ ತೋರಿಸಿ ಕೂಗಿದೆ. ಮಿಕ್ಸರ್ ಹತ್ತಿರ ಇದ್ದವನು ಒಮ್ಮೆ ನೋಡಿದ, ಹೆಬ್ಬೆರಳು ಎತ್ತಿ ನಕ್ಕ, ತಿರುಗಿಕೊಂಡ. ಅವನ ತಪ್ಪಲ್ಲ. ಕುಡಿದು ಬಂದು ಆ ಹಾಡು ಹಾಕಿ, ಈ ಹಾಡು ಹಾಕಿ ಅನ್ನುವವರು ದಿನಾ ಇರುತ್ತಾರೆ. ಅದೇ ಹೆಬ್ಬೆರಳು, ಅದೇ ನಗು ನಾನೂ ಎಷ್ಟು ಜನಕ್ಕೆ ಕೊಟ್ಟಿದ್ದೇನೋ. ಆ ಟೀಮಿನಲ್ಲಿ ಒಬ್ಬ ಪರಿಚಯದ ಹುಡುಗ ಇದ್ದ, ಅವನಿಗೆ ಫೋನ್ ಮಾಡಿದೆ. ಅಷ್ಟು ಜನ ಒಟ್ಟಿಗೆ ಸೇರಿದ ಕಡೆ ಫೋನ್ ಎಲ್ಲಿ ಹೋಗುತ್ತದೆ? ವಾಟ್ಸಾಪ್ ಮಾಡಿದೆ. ಒಂದೇ ಟಿಕ್. ನಾವು ಪಾರ್ಕಿಂಗಿನಲ್ಲಿ ಬೈಕ್ ಹುಡುಕುತ್ತಿದ್ದಾಗ "ಅಯ್ಯೋ ಹೌದಾ ಅಣ್ಣ" ಅಂತ ಉತ್ತರ ಬಂತು.

ಹೋಗುವಾಗ ಅಕ್ಕನ ಮಗಳು, "ಮಳೆ ಆದ್ಮೇಲೆ ಯಾಕೋ ಮಜಾ ಬರ್ಲಿಲ್ಲ ಮಾಮ" ಅಂದಳು. ಅವಳಿಗೆ ಡಿಲೇ ಗೊತ್ತಿಲ್ಲ, ಮಿಲಿಸೆಕೆಂಡ್ ಬೇಕಾಗಿಲ್ಲ. ಮಜಾ ಬರಲಿಲ್ಲ, ಅಷ್ಟೆ. ನನಗೆ ಹೋದ ವರ್ಷದ ಒಂದು ಕಾಮೆಂಟ್ ನೆನಪಾಯಿತು. ನಮ್ಮದೇ ಒಂದು ಶೋ ಆದ ಮೇಲೆ ಯಾರೋ "ಹಿಂದೆ ನಿಂತವರಿಗೆ ಮಾತೇ ತಿಳಿಯಲಿಲ್ಲ" ಅಂತ ಬರೆದಿದ್ದರು. ಹಿಂದಿನ ಟಿಕೆಟ್ ತಗೊಂಡರೆ ಹಾಗೇ ಅಲ್ವಾ ಅಂತ ಟೀಮಿನವರೆಲ್ಲ ಸೇರಿ ನಕ್ಕಿದ್ದೆವು. ನಾನೇ ಜೋರಾಗಿ ನಕ್ಕಿದ್ದು.

ಅದೇ ರಾತ್ರಿ ಅವಳ ಕಿವಿಯಲ್ಲೂ ಕುಂಯ್ ಅಂತ ಶುರುವಾಗಿತ್ತು. ಸಂಜೆಯೇ ಸ್ಪಂಜಿನ ಇಯರ್ ಪ್ಲಗ್ ಕೊಟ್ಟಿದ್ದೆ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಜೇಬಿಗೆ ಹಾಕಿಕೊಂಡಿದ್ದಳು. ಕಿವಿ ಕೆಡದಿರಬೇಕಾದರೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಪ್ರತಿ ಮೂರು ಡೆಸಿಬೆಲ್‌ಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ, 100ಕ್ಕೆ ಬರುವಾಗ ಉಳಿಯುವುದು ಹದಿನೈದೇ ನಿಮಿಷ. ಶೋ ಎರಡು ಮೂರು ಗಂಟೆ. ನಮ್ಮ ಕೆಲಸದವರಲ್ಲಿ ನಲವತ್ತು ದಾಟಿದವರ ಜೊತೆ ಮಾತಾಡಿ ನೋಡಿ, ಎಲ್ಲರೂ "ಆಂ?" ಅನ್ನುತ್ತಾರೆ.

ಮೇ ತಿಂಗಳಲ್ಲಿ ನಮ್ಮದೇ ಒಂದು ಶೋ ಇತ್ತು, ಅದೂ ಬಯಲಿನಲ್ಲಿ. ಸೌಂಡ್ ಚೆಕ್ ಮಧ್ಯಾಹ್ನ ಮೂರಕ್ಕೆ, ಖಾಲಿ ಮೈದಾನ. ಬೇಸಿಗೆಯಲ್ಲಿ ಈ ಸೌಂಡ್ ಚೆಕ್ಕನ್ನು ಜಾಸ್ತಿ ನಂಬಬಾರದು. ಮಧ್ಯಾಹ್ನ ನೆಲ ಕಾದಿರುತ್ತದೆ, ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಶಬ್ದ ತಂಪಿನ ಕಡೆಗೆ ಬಾಗುತ್ತದೆ, ಹಾಗಾಗಿ ಹಿಂದಿನವರ ತಲೆ ಮೇಲೆ ಹಾರಿಹೋಗುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ತಿರುಗಾಮುರುಗ. ಶಬ್ದ ಕೆಳಕ್ಕೆ ಬಾಗಿ ದೂರ ದೂರ ಹೋಗುತ್ತದೆ. ಅರಮನೆ ಮೈದಾನದಲ್ಲಿ ಮಾಡುವಾಗ ಸಂಜೆ ತನಕ ಸುಮ್ಮನಿದ್ದ ಅಕ್ಕಪಕ್ಕದ ಮನೆಗಳಿಂದ ಒಂಬತ್ತರ ಮೇಲೆ ಠಾಣೆಗೆ ಫೋನ್ ಹೋಗುವುದಕ್ಕೆ ಇದೂ ಒಂದು ಕಾರಣ. ನಾವು ವಾಲ್ಯೂಮ್ ಏರಿಸಿದೆವು ಅಂತ ಅವರು ಅಂದುಕೊಳ್ಳುತ್ತಾರೆ, ಮುಟ್ಟೇ ಇಲ್ಲ ಅಂತ ನಾವು ಆಣೆ ಮಾಡುತ್ತೇವೆ. ಇಬ್ಬರದೂ ನಿಜ.

ಅವತ್ತು ನಾನು ಮಾಡಿದ್ದು ಇಷ್ಟು. ಟಾಕ್‌ಬ್ಯಾಕ್ ಮೈಕನ್ನು ಎಲ್ಲಾ ಸ್ಪೀಕರಿಗೂ ಕೊಟ್ಟು, ಶೋ ನಿಂತರೆ ಐದು ನಿಮಿಷದೊಳಗೆ ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಏನಾಗಿದೆ ಅಂತ ಹೇಳುವ ಕೆಲಸವನ್ನು ನಮ್ಮ ಒಬ್ಬ ಹುಡುಗನ ತಲೆಗೆ ಕಟ್ಟಿದೆ. ಅವನಿಗೆ ಮೈಕ್ ಅಂದರೆ ಭಯ, ಚೀಟಿ ಬರೆದುಕೊಟ್ಟೆ. ಶೋ ಶುರುವಾಗಿ ಮೂರನೇ ಹಾಡಿಗೆ ಮಿಕ್ಸರನ್ನು ಜೊತೆಯವನ ಕೈಗೆ ಕೊಟ್ಟು, ದೂರದಿಂದಲೇ ಸೌಂಡ್ ಹೆಚ್ಚುಕಮ್ಮಿ ಮಾಡುವ ಟ್ಯಾಬ್ ಹಿಡಿದು ಹೊರಟೆ. ಮೊದಮೊದಲು ಕೈಕಾಲು ಆಡಲಿಲ್ಲ, ಮಗುವನ್ನು ಬೇರೆಯವರ ಕೈಲಿ ಬಿಟ್ಟು ಬಂದ ಹಾಗಿತ್ತು.

ಕೊನೆಗೆ ಟಾಯ್ಲೆಟ್ ಸಾಲಿನ ಪಕ್ಕದ ಮೂಲೆ ತಲುಪಿದೆ, ಅದಕ್ಕಿಂತ ಹಿಂದೆ ಜಾಗವೇ ಇಲ್ಲ. ಅಲ್ಲೊಬ್ಬರು ವಯಸ್ಸಾದ ಸೆಕ್ಯೂರಿಟಿಯವರು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದರು. ನನ್ನ ಕುತ್ತಿಗೆಯ ಕಾರ್ಡ್ ನೋಡಿ ಎದ್ದು ನಿಂತರು.

"ಕೂತ್ಕೊಳ್ಳಿ ಯಜಮಾನ್ರೇ. ಇಲ್ಲಿಗೆ ಮಾತು ಸರಿಯಾಗಿ ಕೇಳಿಸ್ತಾ ಇದೆಯಾ?"

"ಏನ್ ಹಾಡ್ತವ್ರೆ ಅಂತ ತಿಳೀವಲ್ದು ಸಾರ್. ಕೇಳ್ಸೋದಕ್ಕೇನು, ಚೆನ್ನಾಗೇ ಕೇಳಿಸ್ತದೆ. ಮಧ್ಯಾಹ್ನದಿಂದ ತಲೆ ಸಿಡೀತಾ ಅದೆ ಅಷ್ಟೆ."

ಟವರನ್ನು ಮೂರು ಡೆಸಿಬೆಲ್ ಇಳಿಸಿದೆ. ಜೇಬಿನಲ್ಲಿದ್ದ ಒಂದು ಜೊತೆ ಇಯರ್ ಪ್ಲಗ್ ಅವರ ಕೈಗಿಟ್ಟೆ. ತಿರುವಿ ನೋಡಿ, ಮೂಸಿ ನೋಡಿ, ಇದನ್ನ ತಿನ್ನದಾ ಸಾರ್ ಅಂತ ಕೇಳಿದರು.