ಗದ್ದೆಯ ಟ್ರ್ಯಾಕಿನಲ್ಲಿ ಹಳೆಯ ಝೆನ್, ಹೊಸ ಟರ್ಬೊ

ಹುತ್ತರಿ ಕಳೆದು, ಕೊಯ್ಲು ಮುಗಿದು, ಗದ್ದೆಯ ಪಸೆ ಪೂರ್ತಿ ಆರಿದ ಮೇಲೆ ದಕ್ಷಿಣ ಕೊಡಗಿನ ಬಯಲುಗಳಿಗೆ ಮುಂದಿನ ಮಳೆಗಾಲದವರೆಗೆ ಹೆಚ್ಚಿನ ಕೆಲಸವಿರುವುದಿಲ್ಲ. ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆಯ ಕಡೆ ಇಂಥ ಬಯಲುಗಳಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಹಾದಿಯಲ್ಲಿ ಗಡಿಯಾರದ ವಿರುದ್ಧ ಕಾರು ಓಡಿಸುವ ಸ್ಪರ್ಧೆ, ನಡೆಯುವುದು ಹೊಸದೇನಲ್ಲ. ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳೂ ಇಲ್ಲಿಯ ಕಾಫಿ ತೋಟಗಳ ನಡುವಿನ ಮಣ್ಣುರಸ್ತೆಗಳಲ್ಲಿ ನಡೆದಿವೆ. ಕಳೆದ ಫೆಬ್ರವರಿಯ ಒಂದು ಭಾನುವಾರ ನಮ್ಮ ಮನೆಯ ಕೆಳಗಿನ ಗದ್ದೆಯಲ್ಲಿ ನಡೆದದ್ದು ಮಾತ್ರ ಸ್ಪರ್ಧೆಯಲ್ಲ. ಮುಂದೆ ಬರಲಿದ್ದ ಆಟೋಕ್ರಾಸಿಗೆ ಕೈ ಕುದುರಿಸಿಕೊಳ್ಳಲೆಂದು ಅಕ್ಕಪಕ್ಕದ ನಾಲ್ಕಾರು ಮನೆಯವರು ಸೇರಿ ಮಾಡಿಕೊಂಡ ಅಭ್ಯಾಸವದು. ಟ್ರ್ಯಾಕ್ಟರಿನಿಂದ ಬದುಗಳನ್ನು ಸಮ ಮಾಡಿ, ತಿರುವುಗಳಲ್ಲಿ ಹಳೆಯ ಟಯರುಗಳನ್ನು ಪೇರಿಸಿ, ಧೂಳು ಅಡಗಲೆಂದು ಟ್ಯಾಂಕರಿನಿಂದ ನೀರು ಹೊಡೆದು, ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಹಾದಿಯೊಂದನ್ನು ಸಿದ್ಧಪಡಿಸಿದ್ದೆವು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು.

ಅಣ್ಣನ ಮಗ ಬೆಂಗಳೂರಿನಿಂದ ತಂದಿದ್ದು ಹ್ಯುಂಡೈ ಐ20 ಎನ್ ಲೈನ್. 998 ಸಿಸಿಯ ಟರ್ಬೊ ಎಂಜಿನ್, 120 ಅಶ್ವಶಕ್ತಿ. ಅಕ್ಕನದು ಹಳೆಯ ಮಾರುತಿ ಝೆನ್. 993 ಸಿಸಿ, ಕಾರ್ಬ್ಯುರೇಟರ್, ಶೋರೂಮಿನಿಂದ ಹೊರಬಂದ ದಿನ ಅದಕ್ಕಿದ್ದದ್ದು ಸುಮಾರು 50 ಅಶ್ವಶಕ್ತಿ. ಎರಡೂ ಹೆಚ್ಚುಕಡಿಮೆ ಒಂದೇ ಲೀಟರಿನ ಎಂಜಿನ್ನುಗಳು, ಎರಡರಲ್ಲೂ ಮುಂದಿನ ಚಕ್ರಗಳೇ ಎಳೆಯುತ್ತವೆ, ಆದ್ದರಿಂದ ಹೋಲಿಕೆಗೆ ಅರ್ಥವಿತ್ತು. ಝೆನ್ ಹಗುರ, ನಿಜ. ಆದರೆ ಕಿಲೋ ತೂಕಕ್ಕೆ ಲೆಕ್ಕ ಹಾಕಿದರೂ ಐ20ಯ ಬಲ ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು. ಹುಡುಗನೂ ಬರಿಯ ಶೋಕಿಯವನಲ್ಲ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಿ ನೋಡುವ ದಿನ) ಮಾಡಿ ಬಂದವನು. ಅಕ್ಕ ಕಾಫಿ ತೋಟ ನೋಡಿಕೊಳ್ಳುವವಳು. ಜುಲೈ ತಿಂಗಳ ಕೆಸರಿನಲ್ಲಿ ತೋಟದ ಜೀಪನ್ನು ಏರಿಳಿಸಿ ಪಳಗಿದ ಕೈ ಅವಳದು, ಆಟೋಕ್ರಾಸಿನ ಮಹಿಳೆಯರ ವಿಭಾಗದಲ್ಲಿ ಕಪ್ಪುಗಳನ್ನೂ ಗೆದ್ದವಳು.

“ನೀವೇ ಮೊದಲು ಹೋಗಿ ಅತ್ತೆ, ಆಮೇಲೆ ಹೋದರೆ ನನ್ನ ಧೂಳು ತಿನ್ನಬೇಕಾಗುತ್ತೆ” ಎಂದ ಹುಡುಗ. ಅಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಉತ್ತರ ಕೊಡದೆ ಹೊರಟಳು.

ಐವತ್ತೆಂಟು ಸೆಕೆಂಡು. ಹುಡುಗನದು ಅರವತ್ತೊಂದು. ಮೊದಲ ಸುತ್ತಿನಲ್ಲಿ ಇಎಸ್‌ಸಿ (ಕಾರು ಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಎಂಜಿನ್ನಿನ ಶಕ್ತಿಯನ್ನು ತಡೆಯುತ್ತಿದೆ ಎಂದು ಅವನು ಅದರ ಗುಂಡಿ ಒತ್ತಿ ಬಂದ್ ಮಾಡಿದ. ಆಗ ಮುಂದಿನ ಚಕ್ರಗಳು ನಿಂತಲ್ಲೇ ಗಿರಕಿ ಹೊಡೆದು ಕೂಳೆಯನ್ನೆಲ್ಲ ಕಿತ್ತೆಸೆದವು, ಸದ್ದು ಇಮ್ಮಡಿಯಾಯಿತು, ಸಮಯ ಮಾತ್ರ ಇಳಿಯಲಿಲ್ಲ.

ಇದರಲ್ಲಿ ಪವಾಡವೇನೂ ಇಲ್ಲ. ತಿರುವಿನಲ್ಲಿ ಕಾರು ಎಷ್ಟು ವೇಗವಾಗಿ ಹೋಗಬಲ್ಲದು ಎಂಬುದನ್ನು ನಿರ್ಧರಿಸುವುದು ಟಯರಿಗೂ ನೆಲಕ್ಕೂ ಇರುವ ಹಿಡಿತ ಮತ್ತು ತಿರುವಿನ ತ್ರಿಜ್ಯ. ಆ ಲೆಕ್ಕದಲ್ಲಿ ಎಂಜಿನ್ನಿನ ಹೆಸರೇ ಬರುವುದಿಲ್ಲ. ಹದಿನೈದು ಮೀಟರ್ ತ್ರಿಜ್ಯದ ತಿರುವಿನಲ್ಲಿ, ಸಡಿಲ ಮಣ್ಣು ಕಾರಿನ ತೂಕದ ಅರ್ಧದಷ್ಟು ಹಿಡಿತ ಕೊಡುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 31 ಕಿಲೋಮೀಟರ್ ದಾಟಿದ ಯಾವ ಕಾರಾದರೂ ಹೊರಕ್ಕೆ ಜಾರುತ್ತದೆ. ಒಳ್ಳೆಯ ಡಾಂಬರಿನ ಮೇಲಾದರೆ ಅದೇ ತಿರುವಿನಲ್ಲಿ 40ರ ಆಸುಪಾಸು ಸಿಗುತ್ತದೆ. ತಿರುವು ಮುಗಿದ ಮೇಲೆ ಅಶ್ವಶಕ್ತಿ ಕೆಲಸಕ್ಕೆ ಬರಬೇಕು, ಆದರೆ ಅಲ್ಲೂ ಅದು ನೆಲ ಮುಟ್ಟುವುದು ಟಯರಿನ ಮೂಲಕವೇ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ತೂಕ ಹಿಂದಕ್ಕೆ ಸರಿದು ಮುಂಭಾಗ ಹಗುರವಾಗುವುದರಿಂದ ಇದ್ದ ಹಿಡಿತವೂ ಕಡಿಮೆಯಾಗುತ್ತದೆ. ಇಂಥ ಮಣ್ಣಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದವರೆಗೆ ಝೆನ್ನಿನ 50 ಅಶ್ವಶಕ್ತಿಯನ್ನೇ ಟಯರುಗಳು ಪೂರ್ತಿ ನೆಲಕ್ಕೆ ಇಳಿಸಲಾರವು. ಉಳಿದ ಎಪ್ಪತ್ತು ಎಲ್ಲಿಗೆ ಹೋಗಬೇಕು? ಆ ಗದ್ದೆಯಲ್ಲಿ ನೇರ ಓಟವೆಂದರೆ ನೂರು ಮೀಟರೂ ಇರಲಿಲ್ಲ.

ಅಕ್ಕ ಮಾಡುತ್ತಿದ್ದುದೇನು ಎಂಬುದನ್ನು ನೋಡಲು ನಾನು ಹಲಸಿನ ಮರದ ಕಡೆಯ ಎಡತಿರುವಿನ ಬಳಿ ಹೋಗಿ ನಿಂತೆ. ಟಯರು ರಾಶಿ ಇನ್ನೂ ಇಪ್ಪತ್ತು ಮೀಟರ್ ದೂರವಿರುವಾಗಲೇ ಅವಳು ಆಕ್ಸಿಲರೇಟರ್ ಬಿಡುತ್ತಿದ್ದಳು. ಬ್ರೇಕ್ ಒತ್ತಿದ್ದೇ ಮೂತಿ ತಗ್ಗಿ ಮುಂದಿನ ಟಯರುಗಳ ಮೇಲೆ ಭಾರ ಬೀಳುತ್ತಿತ್ತು. ಆ ಭಾರ ಇರುವಾಗಲೇ, ಬ್ರೇಕನ್ನು ಪೂರ್ತಿ ಬಿಡದೆ ಸ್ಟಿಯರಿಂಗ್ ತಿರುಗಿಸಿದರೆ ಹಗುರಾದ ಹಿಂಭಾಗ ತಾನಾಗಿ ಹೊರಕ್ಕೆ ತೂಗಿ ಕಾರು ತಿರುವಿನತ್ತ ಮುಖ ಮಾಡುತ್ತಿತ್ತು. ಹಿಂಭಾಗ ಸಾಕಷ್ಟು ತಿರುಗದಿದ್ದರೆ ಕ್ಲಚ್ ಒತ್ತಿ ಹ್ಯಾಂಡ್‌ಬ್ರೇಕನ್ನು ಒಂದು ಚಿಟಿಕೆ ಎಳೆಯುವಳು. ಮರುಕ್ಷಣ ಚಕ್ರಗಳು ನೆಟ್ಟಗಾಗಿರುತ್ತಿದ್ದವು, ಆಕ್ಸಿಲರೇಟರ್ ಪೂರ್ತಿ ಒತ್ತಿರುತ್ತಿತ್ತು. ಗೇರು ಬದಲಾದದ್ದೇ ಇಲ್ಲ, ಇಡೀ ಸುತ್ತು ಎರಡನೆಯದರಲ್ಲೇ. ಹುಡುಗ ಇದಕ್ಕೆ ತದ್ವಿರುದ್ಧ. ನೇರದಲ್ಲಿ ಗಳಿಸಿದ ವೇಗವನ್ನು ಬಿಡಲಾರದೆ ತಡವಾಗಿ, ಗಟ್ಟಿಯಾಗಿ ಬ್ರೇಕ್ ಹಾಕಿ, ಪೂರ್ತಿ ಬಿಟ್ಟು, ಆಮೇಲೆ ತಿರುಗಿಸುತ್ತಿದ್ದ. ಮೂತಿ ನೇರಕ್ಕೇ ಜಾರುತ್ತಿತ್ತು, ಅದನ್ನು ಕಾಯುತ್ತ ಅವನು ಅರ್ಧ ಸೆಕೆಂಡು ಸುಮ್ಮನೆ ಕೂರಬೇಕಾಗುತ್ತಿತ್ತು. ಹತ್ತು ತಿರುವಿನಲ್ಲಿ ಅರ್ಧರ್ಧ ಸೆಕೆಂಡು ಎಷ್ಟಾಯಿತು ಎಂದು ಬೇರೆ ಹೇಳಬೇಕಿಲ್ಲ.

ಹಾಗೆಂದು ಕಾರಿಗಿಂತ ಚಾಲಕನೇ ದೊಡ್ಡವನು ಎಂದು ಅಲ್ಲಿಗೇ ಷರಾ ಬರೆದುಬಿಡುವುದು ನನಗೆ ಒಪ್ಪಿಗೆಯಿಲ್ಲದ ಮಾತು. ಇಂಥ ವಾದಕ್ಕೆ 1964ರ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಪ್ಯಾಡಿ ಹಾಪ್‌ಕರ್ಕ್ 1071 ಸಿಸಿಯ ಮಿನಿ ಕೂಪರ್ ಎಸ್‌ನಲ್ಲಿ ಕುಳಿತು ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್ನನ್ನು ಹಿಂದೆ ಹಾಕಿದ ಕತೆ ಅದು. ಆದರೆ ಸಣ್ಣ ಎಂಜಿನ್ನುಗಳಿಗೆ ಅನುಕೂಲವಾಗುವ ರಿಯಾಯಿತಿ ಲೆಕ್ಕವೊಂದು ಆ ರ್‍ಯಾಲಿಯಲ್ಲಿತ್ತು, ಬರಿಯ ಗಡಿಯಾರದಲ್ಲಿ ನೋಡಿದರೆ ಫಾಲ್ಕನ್ನೇ ವೇಗವಾಗಿತ್ತು ಎಂಬುದನ್ನು ಅವರು ಹೇಳುವುದಿಲ್ಲ. ಆದ್ದರಿಂದ ಊಟದ ನಂತರ ಕಾರುಗಳನ್ನು ಅದಲುಬದಲು ಮಾಡಿ ನೋಡೋಣ ಎಂದು ನಾನೇ ಸೂಚಿಸಿದೆ. ಕಾರೂ ಚಾಲಕರೂ ಒಟ್ಟಿಗೆ ಬದಲಾದರೆ ಯಾವುದರಿಂದ ಎಷ್ಟು ಎಂದು ಬಿಡಿಸಲಾಗದು. ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು.

ಅಕ್ಕ ಐ20ಯಲ್ಲಿ ಐವತ್ತಾರಕ್ಕೆ ಬಂದಳು. ಹುಡುಗ ಝೆನ್ನಿನಲ್ಲಿ ಅರವತ್ತಮೂರು. ಅಂದರೆ ಚಾಲಕರು ಅವರೇ ಇದ್ದು ಕಾರು ಬದಲಾದಾಗ ಬಂದ ವ್ಯತ್ಯಾಸ ಎರಡು ಸೆಕೆಂಡು, ಒಂದೇ ಕಾರಿನಲ್ಲಿ ಕೈ ಬದಲಾದಾಗ ಐದು. ಅಶ್ವಶಕ್ತಿ ಅಲ್ಲಿಯೂ ಕೆಲಸ ಮಾಡಿತ್ತು, ಅಕ್ಕನಿಗೂ ಎರಡು ಸೆಕೆಂಡು ಕೊಟ್ಟಿತ್ತು. ನನಗೆ ಹೆಚ್ಚು ಕುತೂಹಲವೆನಿಸಿದ್ದು ಆಮೇಲೆ ನಡೆದದ್ದು. ಹುಡುಗ ಝೆನ್ ಬಿಟ್ಟು ಇಳಿಯಲಿಲ್ಲ. ಸುತ್ತು ಹೊಡೆಯುತ್ತಲೇ ಹೋದ. ಐ20ಯಲ್ಲಿ ತಿರುವಿಗೆ ಕೆಟ್ಟದಾಗಿ ನುಗ್ಗಿದರೂ ಕಳೆದ ವೇಗವನ್ನು ಟರ್ಬೊ ತುಂಬಿಕೊಡುತ್ತಿತ್ತು, ಹಾಗಾಗಿ ಎಲ್ಲಿ ಕಳೆಯಿತು ಎಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಝೆನ್ನಿನಲ್ಲಿ ಒಮ್ಮೆ ಕಳೆದದ್ದು ಮುಂದಿನ ತಿರುವಿನವರೆಗೂ ಮರಳಿ ಬರುವುದಿಲ್ಲ. “ಬ್ರೇಕ್ ಪೂರ್ತಿ ಬಿಡಬೇಡ, ಕಾಲ ತುದಿಯಲ್ಲಿ ಹಿಡಿದಿರು” ಎಂದು ಅಕ್ಕ ಬದಿಯ ಸೀಟಿನಲ್ಲಿ ಕುಳಿತು ಹೇಳಿದ್ದು ಕಿಟಕಿಯಿಂದ ನನಗೂ ಕೇಳಿಸಿತು. ಸಂಜೆ ಮತ್ತೆ ತನ್ನ ಕಾರು ಹತ್ತಿದ ಹುಡುಗ ಐವತ್ತೆಂಟೂವರೆಗೆ ಬಂದ. ಅಷ್ಟರಲ್ಲಿ ತಿರುವುಗಳಲ್ಲಿ ಜಾಡು ಬಿದ್ದು ಒಳಗಿನ ಗಟ್ಟಿ ಮಣ್ಣು ಮೇಲೆ ಬಂದಿತ್ತು, ಅರ್ಧ ಸೆಕೆಂಡಿನ ಪುಣ್ಯ ಅದಕ್ಕೂ ಸಲ್ಲಬೇಕು.

ಕತ್ತಲಾಗುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆವು. ಗದ್ದೆಯಿಂದ ಕಾಫಿ ಕಣದವರೆಗೆ ನಮ್ಮದೇ ತೋಟದ ಕಾಂಕ್ರೀಟ್ ರಸ್ತೆಯಿದೆ, ನೇರವಾದ ಕಡಿದಾದ ಏರು. ಕೆಳಗೂ ಮೇಲೂ ಆಳು ನಿಲ್ಲಿಸಿ, ಯಾರೂ ಅಡ್ಡ ಬಾರದಂತೆ ನೋಡಿಕೊಂಡು, ಒಂದೊಂದೇ ಕಾರನ್ನು ಬಿಟ್ಟೆವು. ಹುಡುಗನ ಐ20 ಝೆನ್ನಿಗಿಂತ ನಾಲ್ಕು ಸೆಕೆಂಡು ಮೊದಲು ಕಣ ಮುಟ್ಟಿತು. ಅಕ್ಕ ಏನೇ ಮಾಡಿದರೂ ಆ ಅಂತರ ಒಂದಿಷ್ಟೂ ಕರಗಲಿಲ್ಲ. ಅವಳು ಬಾನೆಟ್ ಎತ್ತಿ, ರೇಡಿಯೇಟರ್ ಕುದಿಯುತ್ತಿದೆಯೇ ಎಂದು ನೋಡುತ್ತ, “ಇಲ್ಲಿ ತಿರುವೇ ಇಲ್ಲವಲ್ಲ ಮಾರಾಯ, ನನಗೆ ಕೆಲಸವೇ ಇರಲಿಲ್ಲ” ಎಂದಳು.