ಸುಣ್ಣದ ಗೋಡೆ, ಬೆಚ್ಚನೆ ಬೆಳಕು: ಕೋಣೆ ಕೆಲಸ ಇಲ್ಲಿಯವರೆಗೆ

ವಾರ 1

ನಾವು ದಿನವೂ ಕೂರುವ ಕೋಣೆ ಬಹಳ ವರ್ಷಗಳಿಂದ ಬೂದು ಬಣ್ಣದಲ್ಲೇ ಇತ್ತು. ಬೂದು ಗೋಡೆ, ಬೂದು ಸೋಫಾ, ನಡುವೆ ಒಂದು ಬಿಳಿ ಟ್ಯೂಬ್‌ಲೈಟ್. ಈಗ ಎಲ್ಲ ಕಡೆ ಬೂದು ಹಿಂದೆ ಸರಿದು ಮಣ್ಣು, ಮರ, ಕಾವಿಯ ಬಣ್ಣಗಳು ಮುಂದೆ ಬರುತ್ತಿವೆ. ಬಣ್ಣದ ಸಂಸ್ಥೆ ಪ್ಯಾಂಟೋನ್ ವರ್ಷದ ಬಣ್ಣವೆಂದು 2025ಕ್ಕೆ ಆರಿಸಿದ್ದು ಮೋಕಾ ಮೂಸ್ ಎಂಬ ಮೆತ್ತನೆ ಕಂದು, 2026ಕ್ಕೆ ಕ್ಲೌಡ್ ಡ್ಯಾನ್ಸರ್ ಎಂಬ ಬಿಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಹಾಗಾಗಿ ಮೂರು ಗೋಡೆ ಬಿಳಿ, ಕಿಟಕಿ ಎದುರಿನ ಗೋಡೆಗೆ ಕಂದು ಬೆರೆಸಿದ ಸುಣ್ಣ ಎಂದು ತೀರ್ಮಾನಿಸಿದೆ.

ಗೋಡೆ, ಬಾಗಿಲು, ಸೀಲಿಂಗ್ ಎಲ್ಲಕ್ಕೂ ಒಂದೇ ಬಣ್ಣ ಬಳಿಯುವ ರೀತಿಯೂ ಈಗ ಜಾಸ್ತಿ ಕಾಣುತ್ತಿದೆ. ಅಂಚುಗಳೇ ಕಾಣದ ಹಾಗೆ ಆಗುತ್ತದೆ, ನಿಜಕ್ಕೂ ಚೆಂದ. ಆದರೆ ಅದು ಮಲಗುವ ಕೋಣೆಗೆ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ವಾರ 2

ದೊಡ್ಡ ರಟ್ಟುಗಳಿಗೆ ನಾಲ್ಕು ಬಗೆಯ ಕಂದು ಬಳಿದು ಗೋಡೆಗೆ ಒರಗಿಸಿಟ್ಟೆ. ಬೆಳಗ್ಗೆ ನನಗೆ ತುಂಬಾ ಹಿಡಿಸಿದ್ದು ರಾತ್ರಿ ಟ್ಯೂಬ್‌ಲೈಟ್ ಹಾಕಿದಾಗ ಕಳೆಗುಂದಿ, ಕೊಂಚ ಹಸಿರು ಹೊಡೆಯಿತು. ರಟ್ಟು ಅದೇ, ಬಣ್ಣ ಅದೇ. ಬದಲಾದದ್ದು ಬೆಳಕು ಮಾತ್ರ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಬೆಚ್ಚಗೆ. ಆ ಟ್ಯೂಬ್‌ಲೈಟಿನಂಥ 6500 ಕೆಲ್ವಿನ್ ದೀಪದಲ್ಲಿ ನೀಲಿ ಪಾಲು ಜಾಸ್ತಿ, ಕೆಂಪು ಕಡಿಮೆ. ಕಂದು ಬಣ್ಣದ ಜೀವ ಇರುವುದೇ ಆ ಕೆಂಪಿನಲ್ಲಿ, ಅಲ್ವಾ?

ಬಣ್ಣದ ಕೆಲಸ ನಿಲ್ಲಿಸಿ ಮೊದಲು ದೀಪ ಬದಲಿಸಿದೆ. 2700 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ದೀಪ ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ, ಗರಿಷ್ಠ 100) 90ಕ್ಕಿಂತ ಮೇಲಿನ ಬಲ್ಬುಗಳು. ನಡುವಿನ ಒಂದೇ ದೀಪದ ಬದಲು ಮೂರು ಕಡೆ ಹಂಚಿದೆ: ಓದುವ ಕುರ್ಚಿ ಪಕ್ಕ ಒಂದು, ಪುಸ್ತಕದ ಶೆಲ್ಫಿನೊಳಗೆ ಒಂದು, ಗೋಡೆಯನ್ನು ಸವರಿಕೊಂಡು ಬೆಳಕು ಬೀಳುವ ಹಾಗೆ ಕೆಳಗೊಂದು. ಕೋಣೆ ಅಂದೇ ಅರ್ಧ ಬದಲಾಯಿತು. ಹೊಸ ಬಣ್ಣದ ಯೋಚನೆ ಇರುವವರಿಗೆ ನಾನು ಹೇಳುವುದು ಇದನ್ನೇ, ಮೊದಲು ಬಲ್ಬ್ ಬದಲಿಸಿ, ಆಮೇಲೆ ಡಬ್ಬ ತೆರೆಯಿರಿ.

ವಾರ 3

ಸುಣ್ಣ ಗೋಡೆಯೊಳಗೆ ಇಂಗಬೇಕು. ಹಳೆ ಎಮಲ್ಷನ್ ಪೇಂಟ್ ಇದ್ದರೆ ಇಂಗುವುದಿಲ್ಲ. ಗೋಡೆಗೆ ನೀರು ಚಿಮುಕಿಸಿ ನೋಡಿದರೆ ಗೊತ್ತಾಗುತ್ತದೆ, ಹನಿ ಜಾರಿ ಕೆಳಗಿಳಿದರೆ ಅಲ್ಲಿ ಸುಣ್ಣ ನಿಲ್ಲದು. ನಾನು ಅವಸರದಲ್ಲಿ ಈ ಪರೀಕ್ಷೆ ಬಿಟ್ಟು ಒಂದು ಮೂಲೆಗೆ ನೇರವಾಗಿ ಬಳಿದೆ. ಎರಡು ದಿನ ಬಿಟ್ಟು ಮುಟ್ಟಿದರೆ ಅಂಗೈ ತುಂಬಾ ಪುಡಿ, ಅಲ್ಲಲ್ಲಿ ಹಕ್ಕಳೆ. ಎಲ್ಲ ಕೆರೆದು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಸುಣ್ಣಕ್ಕೆಂದೇ ಬರುವ ತರಿತರಿ ಪ್ರೈಮರ್ ಹೊಡೆದೆ.

ವಾರ 4

ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿಕೊಂಡೆ. ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಪುಡಿ, ಸುಣ್ಣದ ಕ್ಷಾರಕ್ಕೆ ಅದು ಮಾಸುವುದಿಲ್ಲ. ಕೈಗವಸು, ಕನ್ನಡಕ ಎರಡೂ ಬೇಕೇ ಬೇಕು. ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು ಸುಣ್ಣ.

ಅಗಲವಾದ ಬ್ರಷ್ಷಿನಲ್ಲಿ ಅಡ್ಡಾದಿಡ್ಡಿ ಎಳೆಯುತ್ತಾ ಹೋದೆ. ಒದ್ದೆ ಇದ್ದಾಗ ಗೋಡೆ ಕೆಸರಿನಷ್ಟು ಕಪ್ಪಗಿತ್ತು, ತುಂಬಾ ಭಯವಾಯಿತು. ಬೆಳಗ್ಗೆ ಎದ್ದು ನೋಡಿದರೆ ಅದೇ ಗೋಡೆ ರಟ್ಟಿನ ಮೇಲಿದ್ದ ತಿಳಿ ಕಂದಿಗೆ ಬಂದಿತ್ತು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅದು ನಿಧಾನದ ಕೆಲಸ, ಅದಕ್ಕೇ ತೆಳು ಕೋಟು, ನಡುವೆ ಒಂದು ದಿನದ ಬಿಡುವು.

ಒಂದು ಕಡೆ ಮಾತ್ರ ಫೋನ್ ಬಂತೆಂದು ನಡುವೆ ನಿಲ್ಲಿಸಿದ್ದೆ. ಒಣಗಿದ ಅಂಚಿನ ಗೆರೆ ಹಾಗೇ ಉಳಿಯಿತು. ಎರಡನೇ ಕೋಟನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಲ್ಲಿಸದೆ ಬಳಿದ ಮೇಲೆ ಮರೆಯಾಯಿತು.

ಈಗ ಸಂಜೆ ಕೆಳಗಿನ ದೀಪ ಹಾಕಿದರೆ ಬ್ರಷ್ಷಿನ ಒಂದೊಂದು ಎಳೆಯೂ ಮೋಡದ ಹಾಗೆ ಎದ್ದು ಬರುತ್ತದೆ. ಹತ್ತಿರ ಹೋದರೆ ಒಂದೇ ಕಂದಲ್ಲ, ಐದಾರು ಕಂದು. ಸುಮ್ನೆ ನೋಡುತ್ತಾ ಕೂತುಬಿಡುತ್ತೇನೆ.

ವಾರ 5

ಗೋಡೆಗೆ ಉದ್ದುದ್ದ ಗೀರಿನ ಪ್ಯಾನೆಲ್ ಹಾಕುವ ಆಸೆ ಕೈಬಿಟ್ಟೆ. ಆ ಗೀರುಗಳಲ್ಲಿ ಧೂಳು ಕೂತರೆ ಒರೆಸುವುದು ಕಷ್ಟ, ಸುಣ್ಣದ ಗೋಡೆ ಪಕ್ಕ ಅದು ಬೇಡವೂ ಬೇಡ. ಚೌಕದ ಟೀಪಾಯಿ ಜಾಗಕ್ಕೆ ದುಂಡನೆಯದು ಬಂದಿದೆ. ಓಡಾಡುವಾಗ ಮೊಣಕಾಲಿಗೆ ತಾಗುವುದಿಲ್ಲ.

ಹೊಸ ಕುರ್ಚಿ ಕೊಳ್ಳಲಿಲ್ಲ. ಹಳೆಯದರ ಮರದ ಚೌಕಟ್ಟು ಗಟ್ಟಿಯಾಗಿತ್ತು, ಹರಿದ ಸೀಟನ್ನು ಬೆತ್ತದಲ್ಲಿ ಹೆಣೆದೆ. ಬೆತ್ತವನ್ನು ನೆನೆಸಿ ಹೆಣೆದರೆ ಒಣಗಿದಾಗ ತಾನಾಗಿ ಬಿಗಿಯುತ್ತದೆ. ಇವತ್ತು ಕೊನೆಯ ಸಾಲು ಮುಗಿಯಿತು, ಬೆರಳಿಗೆ ಇನ್ನೂ ತಣ್ಣಗೆ ತಾಗುತ್ತಿದೆ. ನಾಳೆ ಸಂಜೆಯವರೆಗೆ ಯಾರೂ ಕೂರುವಂತಿಲ್ಲ. ಮುಂದಿನ ವಾರ ಪರದೆ.